ಸುಣ್ಣ ಉಳಿಸಿತ್ತು, ಉಳಿ ಕೆಡಿಸಿತು

ಇಂಗ್ಲೆಂಡಿಗೆ ಆನ್‌ಸೈಟ್ ಹೋಗಿ ಬಂದವರ ಆಲ್ಬಮ್ಮುಗಳಲ್ಲಿ ಲಂಡನ್ನಿನ ಸೇತುವೆ, ಸ್ಟೋನ್‌ಹೆಂಜು, ಹಿಮದಲ್ಲಿ ನಿಂತ ಬಾಡಿಗೆ ಕಾರು ಎಲ್ಲ ಮುಗಿದಮೇಲೆ ತಪ್ಪದೇ ಒಂದು ಹಳ್ಳಿ ಚರ್ಚಿನ ಫೋಟೋ ಇರುತ್ತೆ. ಹಸಿರು ಹುಲ್ಲು, ವಾಲಿಕೊಂಡ ಗೋರಿಕಲ್ಲು, ಒಳಗೆ ಬೋಳು ಕಲ್ಲಿನ ಗೋಡೆ, ಕತ್ತಲಲ್ಲಿ ಬಣ್ಣದ ಗಾಜು. ಕೆಳಗೆ ಒಂದು ಸಾಲು: "ಏಳುನೂರು ವರ್ಷದಿಂದ ಹೇಗಿತ್ತೋ ಹಾಗೇ ಇಟ್ಕೊಂಡಿದಾರೆ. ನಮ್ಮೋರಿಗೆ ಯಾವಾಗ ಬುದ್ಧಿ ಬರುತ್ತೋ!" ಅದಕ್ಕೆ ರಾಶಿ ರಾಶಿ ಲೈಕು.

ನನ್ನ ತಕರಾರು ಈ ಒಂದು ಸಾಲಿನ ಮೇಲೆ. ಕೊನೆಯಲ್ಲಿರೋ ಬುದ್ಧಿಯ ಮಾತು ಸದ್ಯಕ್ಕೆ ಬಿಡಿ, ಅದಕ್ಕೆ ಆಮೇಲೆ ಬರ್ತೀನಿ. ಮೊದಲರ್ಧವೇ ಸುಳ್ಳು. ಇಂಗ್ಲೆಂಡಿನಲ್ಲಿ ಮಧ್ಯಯುಗದಿಂದ ಉಳಿದು ಬಂದಿರೋ ಹಳ್ಳಿ ಚರ್ಚುಗಳು ಸುಮಾರು ಎಂಟು ಸಾವಿರ. ಅದರಲ್ಲಿ "ಹೇಗಿತ್ತೋ ಹಾಗೇ" ಇರೋದು ಒಂದೂ ಇಲ್ಲ. ಎಲ್ಲವನ್ನೂ ಒಡೆದಿದ್ದಾರೆ, ಬಳಿದಿದ್ದಾರೆ, ಕೆರೆದಿದ್ದಾರೆ, ಮತ್ತೆ ಕಟ್ಟಿದ್ದಾರೆ. ಇನ್ನೂ ಒಂದು ಮಾತು: ಶತ್ರುಗಳು ಮಾಡಿದ ಹಾನಿಗಿಂತ ಪ್ರೀತಿಯಿಂದ "ಜೀರ್ಣೋದ್ಧಾರ" ಮಾಡಿದವರ ಹಾನಿ ದೊಡ್ಡದು. ಫೋಟೋದಲ್ಲಿ ನೀವು ಮೆಚ್ಚಿದ ಆ ಬೋಳು ಕಲ್ಲಿನ ಗೋಡೆ ಇದೆಯಲ್ಲ, ಬಹಳಷ್ಟು ಕಡೆ ಅದರ ವಯಸ್ಸು ಏಳುನೂರಲ್ಲ, ನೂರೈವತ್ತು.

ಆನ್‌ಸೈಟ್ ನೆಪದಲ್ಲಿ ಹದಿನಾಲ್ಕು ತಿಂಗಳು ಸಫೋಕ್ ಜಿಲ್ಲೆಯಲ್ಲಿದ್ದೆ. ವೀಕೆಂಡಲ್ಲಿ ಮಾಡೋಕೆ ಬೇರೆ ಕೆಲಸ ಇರಲಿಲ್ಲ, ಊರೂರು ಸುತ್ತಿದೆ. ನಾನು ಹಳ್ಳಿಯವನು, ಯಾವ ಊರಿಗೆ ಹೋದರೂ ಮೊದಲು ದೇವಸ್ಥಾನ ಎಲ್ಲಿ ಅಂತ ನೋಡೋದು ಅಭ್ಯಾಸ. ಅಲ್ಲಿ ಅದರ ಜಾಗದಲ್ಲಿ ಚರ್ಚಿತ್ತು, ನೋಡ್ತಾ ಹೋದೆ. ನಂಬಿಕೆಯ ವಿಷಯ ಇಲ್ಲಿ ಬೇಡ. ನನ್ನ ಕಣ್ಣಿಗೆ ಅವು ಕಂಡಿದ್ದು ಊರೊಟ್ಟಿನ ಕಟ್ಟಡಗಳಾಗಿ. ಹಾಗೇ, ಕ್ಷಮಿಸಿ, ವೃತ್ತಿಯ ಚಟ, ದೊಡ್ಡ ಲೆಗಸಿ ಸಿಸ್ಟಮ್ಮುಗಳಾಗಿ.

ಒಳಗೆ ಏನಿರುತ್ತೆ ಅಂತ ಮೊದಲು ಹೇಳಿಬಿಡ್ತೀನಿ. ಸಾಮಾನ್ಯವಾಗಿ ದಕ್ಷಿಣದ ಕಡೆ ಒಂದು ಮುಖಮಂಟಪ. ಮದುವೆಯ ಮೊದಲ ಶಾಸ್ತ್ರ ಆಗ್ತಾ ಇದ್ದದ್ದು ಅಲ್ಲೇ, ಬಾಗಿಲ ಹೊರಗೆ. ಒಳಗೆ ಕಾಲಿಟ್ಟರೆ ಬಾಗಿಲ ಹತ್ತಿರವೇ ಕಲ್ಲಿನ ಬಾನಿ, ಮಗುವಿಗೆ ದೀಕ್ಷಾಸ್ನಾನ ಮಾಡಿಸೋಕೆ. ಆ ಬಾನಿಯ ಅಂಚಿನಲ್ಲಿ ಎಷ್ಟೋ ಕಡೆ ಒಡೆದ ಗುರುತು ಕಾಣುತ್ತೆ. ಮಂತ್ರಿಸಿದ ನೀರನ್ನ ಮಾಟ-ಮದ್ದಿಗೆ ಕದೀತಾರೆ ಅಂತ ಹದಿಮೂರನೇ ಶತಮಾನದಲ್ಲಿ ಮುಚ್ಚಳ ಹಾಕಿ ಬೀಗ ಜಡಿಯೋಕೆ ಆಜ್ಞೆಯಾಗಿತ್ತು. ಅದರ ಕೊಂಡಿ ಕಿತ್ತ ಗಾಯ ಅದು. ಮುಂದೆ ಜನ ಸೇರೋ ಹಜಾರ, ಅದಕ್ಕೆ ನೇವ್ ಅಂತಾರೆ. ಅದರ ಪೂರ್ವಕ್ಕೆ ಪಾದ್ರಿಯ ಜಾಗ, ಚಾನ್ಸೆಲ್. ನಮ್ಮ ಲೆಕ್ಕದಲ್ಲಿ ನವರಂಗ ಮತ್ತು ಗರ್ಭಗುಡಿ ಅಂದ್ಕೊಳ್ಳಿ. ಎರಡರ ನಡುವೆ ಮರದ ಕೆತ್ತನೆಯ ಒಂದು ತಡಿಕೆ, ರೂಡ್ ಸ್ಕ್ರೀನ್. ಅದರ ಮೇಲೊಂದು ಅಟ್ಟ. ಅಟ್ಟದ ಮೇಲೆ ಶಿಲುಬೆಗೇರಿದ ಕ್ರಿಸ್ತ, ಆ ಕಡೆ ಈ ಕಡೆ ಮೇರಿ ಮತ್ತು ಯೋಹಾನ. ಅದರ ಹಿಂದೆ ಕಮಾನಿನ ಮೇಲೆ ಕಡೇ ದಿನದ ತೀರ್ಪಿನ ಚಿತ್ರ. ಒಳ್ಳೇವರು ಒಂದು ಕಡೆ, ಕೆಟ್ಟವರು ರಾಕ್ಷಸನ ಬಾಯೊಳಗೆ. ಉತ್ತರದ ಗೋಡೆ ಮೇಲೆ ಮಗುವನ್ನ ಹೆಗಲ ಮೇಲೆ ಹೊತ್ತು ಹೊಳೆ ದಾಟೋ ಸಂತ ಕ್ರಿಸ್ಟೋಫರ್. ಬಾಗಿಲಲ್ಲಿ ಇಣುಕಿದರೂ ಕಾಣಲಿ ಅಂತ ಬಾಗಿಲಿಗೆ ಎದುರಾಗಿ, ಆಳೆತ್ತರ ಮೀರಿ ಬರೀತಿದ್ದರು. ಚಾನ್ಸೆಲ್ಲಿನ ಗೋಡೆಯಲ್ಲಿ ಪಾತ್ರೆ ತೊಳೆದ ನೀರು ನೆಲಕ್ಕಿಳಿಯೋ ಒಂದು ಪುಟ್ಟ ಗೂಡು, ಪಕ್ಕದಲ್ಲಿ ಪಾದ್ರಿಗಳು ಕೂರೋ ಕಲ್ಲಿನ ಪೀಠ. ಜನಕ್ಕೆ ಬಹಳ ಕಾಲ ಕೂರೋಕೆ ಏನೂ ಇರಲಿಲ್ಲ. ಬೆಂಚು ಬಂದದ್ದು ಆಮೇಲೆ.

ಇದನ್ನೆಲ್ಲ ಒಬ್ಬ ಆರ್ಕಿಟೆಕ್ಟ್ ಕೂತು ಡಿಸೈನ್ ಮಾಡಿದ್ದಲ್ಲ. ಹನ್ನೆರಡನೇ ಶತಮಾನದ ಬಾಗಿಲು, ಹದಿಮೂರರ ಕಂಬ, ಹದಿನಾಲ್ಕರ ಕಿಟಕಿ, ಹದಿನೈದರ ಗೋಪುರ. ದುಡ್ಡು ಬಂದಾಗ ಒಂದು ಪಕ್ಕ ಅಗಲ ಮಾಡಿದರು, ಪ್ಲೇಗು ಬಂದಾಗ ಅರ್ಧಕ್ಕೆ ನಿಲ್ಲಿಸಿದರು. ಕಂಬದ ಒಂದು ಸಾಲು ಇನ್ನೊಂದಕ್ಕೆ ಹೊಂದಲ್ಲ. ಡಾಕ್ಯುಮೆಂಟೇಶನ್ ಇಲ್ಲ, ಆದರೂ ಪ್ರೊಡಕ್ಷನ್‌ನಲ್ಲಿ ಓಡ್ತಾ ಇದೆ. ಇಂಥ ಸಿಸ್ಟಮ್ಮು ನೋಡಿದವರಿಗೆ ಗೊತ್ತು, ಪ್ರತಿ ವಿಚಿತ್ರದ ಹಿಂದೆ ಯಾರದ್ದೋ ಒಂದು ಕಾರಣ ಇರುತ್ತೆ.

ಕಟ್ಟಿಸಿದ್ದು ಯಾರು? "ರಾಜರು, ಜಮೀನ್ದಾರರು, ಪಾದ್ರಿಗಳು, ಬಡವರ ರಕ್ತ ಹೀರಿ" ಅಂತ ಒಂದು ರೆಡಿಮೇಡ್ ಉತ್ತರ ಇದೆ. ಅರ್ಧ ನಿಜ. ಆದರೆ ಇನ್ನರ್ಧ ಕೇಳಿ. ಚಾನ್ಸೆಲ್ಲಿನ ರಿಪೇರಿ ಪಾದ್ರಿಯ ಹೊಣೆ, ಹಜಾರದ ರಿಪೇರಿ ಊರಿನ ಹೊಣೆ, ಇದು ಆಗಿನ ಇಂಗ್ಲೆಂಡಿನ ಪದ್ಧತಿ. ಹಾಗಾಗಿ ಹಜಾರ ಅನ್ನೋದು ಲೆಕ್ಕಪತ್ರದಲ್ಲೂ ಊರಿನದ್ದೇ. ಲಾಂಗ್ ಮೆಲ್ಫರ್ಡ್ ಅನ್ನೋ ಊರಲ್ಲಿ ಬಟ್ಟೆ ವ್ಯಾಪಾರದ ದುಡ್ಡಿನಿಂದ ಕಟ್ಟಿದ ಚರ್ಚಿನ ಹೊರಗೋಡೆಯ ಮೇಲೆ, ಯಾರ್ಯಾರು ಕೊಟ್ಟರು, ಅವರ ಆತ್ಮಕ್ಕೆ ಪ್ರಾರ್ಥಿಸಿ ಅಂತ ಉದ್ದಕ್ಕೆ ಕೆತ್ತಿದ್ದಾರೆ. ನಮ್ಮೂರ ಗುಡಿಯ ಟ್ಯೂಬ್‌ಲೈಟ್ ಮೇಲೆ ದಾನಿಗಳ ಹೆಸರು ಬರೆಸಿದ್ದನ್ನ ನೋಡಿ ಬೆಳೆದ ನನಗೆ ಇದೇನೂ ಹೊಸದು ಅನ್ನಿಸಲಿಲ್ಲ.

ದುಡ್ಡಿಲ್ಲದ ಊರಿನ ಕತೆ ಇನ್ನೂ ಚೆನ್ನಾಗಿದೆ. ಡೆವನ್ ಸೀಮೆಯ ಮೋರ್‌ಬಾತ್ ಅನ್ನೋದು ಮೂವತ್ತಮೂರು ಮನೆಯ ಕುಗ್ರಾಮ. ಕ್ರಿಸ್ಟೋಫರ್ ಟ್ರಿಚೇ ಅನ್ನೋ ಪಾದ್ರಿ 1520ರಿಂದ 1574ರವರೆಗೆ, ಐವತ್ನಾಲ್ಕು ವರ್ಷ ಅಲ್ಲೇ ಇದ್ದ, ಊರಿನ ಚರ್ಚಿನ ಲೆಕ್ಕ ಬರೆದಿಟ್ಟ. ಈಮನ್ ಡಫಿ ಅನ್ನೋ ಇತಿಹಾಸಕಾರ ಆ ಲೆಕ್ಕದ ಪುಸ್ತಕದ ಮೇಲೇ ಒಂದು ಇಡೀ ಪುಸ್ತಕ ಬರೆದಿದ್ದಾರೆ. ಚರ್ಚಿಗೆ ಅಂತ ಬಿಟ್ಟ ಕುರಿಗಳನ್ನ ಮನೆಮನೆಯವರು ತಮ್ಮ ಮಂದೆಯ ಜೊತೆ ಮೇಯಿಸಿಕೊಡ್ತಿದ್ದರು. ಉಣ್ಣೆ ಮಾರಿ ಬಂದ ದುಡ್ಡು ದೀಪಕ್ಕೆ. ಊರ ಹುಡುಗರದ್ದು ಒಂದು ನಿಧಿ, ಹುಡುಗಿಯರದ್ದು ಒಂದು ನಿಧಿ. ವರ್ಷಕ್ಕೊಮ್ಮೆ ಬಿಯರ್ ಕಾಯಿಸಿ ಊರಿಗೆಲ್ಲ ಮಾರಿ ಚಂದಾ ಎತ್ತೋದು. ಲೆಕ್ಕವನ್ನ ಊರವರ ಎದುರು ಓದೋದು. ಜಾತ್ರೆ ಕಮಿಟಿ ಅಂದರೆ ಏನು ಅಂತ ಗೊತ್ತಿರೋರಿಗೆ ಇದರಲ್ಲಿ ವಿವರಿಸೋದೇನೂ ಇಲ್ಲ. ಈ ಪಾದ್ರಿ ಒಂದು ಕಪ್ಪು ಪೂಜಾ ಉಡುಪಿಗೋಸ್ಕರ ಚಿಲ್ಲರೆ ಚಿಲ್ಲರೆ ಕೂಡಿಟ್ಟು, ಸುಮಾರು ಇಪ್ಪತ್ತು ವರ್ಷ ಕಾದು, 1547ರಲ್ಲಿ ಕೊನೆಗೂ ಕೊಂಡ. ಅದೇ ವರ್ಷ ಹೊಸ ರಾಜ ಬಂದ. ಹೊಸ ಧರ್ಮ ಬಂತು. ಉಡುಪು ಕೆಲಸಕ್ಕೆ ಬಾರದಾಯಿತು.

ಇಲ್ಲಿಂದ ಮೊದಲನೇ ಒಡೆತ ಶುರು. ಆರನೇ ಎಡ್ವರ್ಡ್ ಕಾಲದಲ್ಲಿ, 1547ರಿಂದ, ವಿಗ್ರಹ ಕೀಳಿ, ಚಿತ್ರಕ್ಕೆ ಸುಣ್ಣ ಬಳಿಯಿರಿ, ಕಲ್ಲಿನ ಪೂಜಾಪೀಠ ಒಡೆದು ಮರದ ಮೇಜು ಹಾಕಿ ಅಂತ ಒಂದರ ಹಿಂದೊಂದು ಆಜ್ಞೆ. 1553ರಲ್ಲಿ ರಾಣಿ ಮೇರಿ ಬಂದಳು, ಎಲ್ಲ ವಾಪಸ್ ಇಡಿ ಅಂದಳು. ಮೋರ್‌ಬಾತಿನಲ್ಲಿ ಆಗ ಒಬ್ಬೊಬ್ಬರ ಮನೆಯಿಂದ ಒಂದೊಂದು ಸಾಮಾನು ಈಚೆ ಬಂತು. ಊರವರು ಮುಚ್ಚಿಟ್ಟುಕೊಂಡಿದ್ದರು! 1558ರಲ್ಲಿ ಎಲಿಜಬೆತ್ ಬಂದಳು, ಮತ್ತೆ ತೆಗೀರಿ. ಹನ್ನೊಂದು ವರ್ಷದಲ್ಲಿ ಮೂರು ಸಲ ರಿಕ್ವೈರ್‌ಮೆಂಟ್ ಬದಲಾಯಿತು, ಮೂರು ಸಲವೂ ಖರ್ಚು ಊರಿನದ್ದೇ. 1561ರಲ್ಲಿ ಇನ್ನೊಂದು ಆಜ್ಞೆ: ತಡಿಕೆ ಇರಲಿ, ಅದರ ಮೇಲಿನ ಅಟ್ಟ ಕೆಡವಿ. ಕೆಡವಿದರು. ಆದರೆ ಅಟ್ಟಕ್ಕೆ ಹತ್ತೋಕೆ ಗೋಡೆಯೊಳಗೆ ಕೊರೆದ ಮೆಟ್ಟಿಲು ಇತ್ತಲ್ಲ, ಅದನ್ನ ಏನು ಮಾಡೋದು? ಬಿಟ್ಟರು. ಇವತ್ತಿಗೂ ಎಷ್ಟೋ ಚರ್ಚುಗಳಲ್ಲಿ ಗೋಡೆಯೊಳಗೆ ಮೆಟ್ಟಿಲು ಹತ್ತಿ ಹೋದರೆ ಮೇಲೆ ಒಂದು ಬಾಗಿಲು, ಆ ಬಾಗಿಲ ಆಚೆ ಬರೀ ಗಾಳಿ. ಯಾರೂ ಕರೆಯದ ಫಂಕ್ಷನ್ನು, ಡಿಲೀಟ್ ಮಾಡೋಕೆ ಯಾರಿಗೂ ಮನಸ್ಸಿಲ್ಲ. ನನ್ನನ್ನ ಕೇಳಿದರೆ ಇಡೀ ಕಟ್ಟಡದಲ್ಲಿ ಅತಿ ಹೆಚ್ಚು ಇತಿಹಾಸ ಹೇಳೋದು ಆ ಎಲ್ಲಿಗೂ ಹೋಗದ ಮೆಟ್ಟಿಲೇ.

ಎರಡನೇ ಒಡೆತ ಅಂತರ್ಯುದ್ಧದ ಕಾಲದ್ದು. ವಿಲಿಯಂ ಡೌಸಿಂಗ್ ಅನ್ನೋನು ಸರ್ಕಾರಿ ಅಧಿಕಾರಪತ್ರ ಹಿಡಿದು 1643-44ರಲ್ಲಿ ಕೇಂಬ್ರಿಜ್, ಸಫೋಕ್ ಸೀಮೆಯ ಇನ್ನೂರೈವತ್ತರಷ್ಟು ಚರ್ಚು ಸುತ್ತಿ, ಎಲ್ಲಿ ಎಷ್ಟು ಚಿತ್ರ ಒಡೆಸಿದೆ ಅಂತ ದಿನಚರಿ ಬರೆದಿಟ್ಟ. ಥೇಟ್ ಡೈಲಿ ಸ್ಟೇಟಸ್ ರಿಪೋರ್ಟು. ಎ12 ಹೆದ್ದಾರಿ ಪಕ್ಕದ ಬ್ಲೈತ್‌ಬರೋ ಚರ್ಚಿಗೂ 1644ರ ಏಪ್ರಿಲ್‌ನಲ್ಲಿ ಬಂದಿದ್ದ. ಅಲ್ಲಿನ ಮರದ ಸೂರಿನಲ್ಲಿ ರೆಕ್ಕೆ ಬಿಚ್ಚಿದ ದೇವದೂತರ ಸಾಲಿದೆ, ಮೈಯಲ್ಲಿ ಸೀಸದ ಗುಂಡುಗಳು ಸಿಕ್ಕಿವೆ. ಡೌಸಿಂಗನ ಸಿಪಾಯಿಗಳು ಹೊಡೆದದ್ದು ಅಂತ ಜನ ಕತೆ ಕಟ್ಟಿದರು. ಆದರೆ ಹದಿನೆಂಟನೇ ಶತಮಾನದ ಚರ್ಚಿನ ಲೆಕ್ಕದಲ್ಲಿ, ಒಳಗೆ ಗೂಡು ಕಟ್ಟೋ ಕಾಗೆಜಾತಿಯ ಹಕ್ಕಿಗಳನ್ನ ಹೊಡೆಯೋಕೆ ಮದ್ದುಗುಂಡಿಗೆ ದುಡ್ಡು ಕೊಟ್ಟದ್ದಿದೆ. ಗುಂಡುಗಳೂ ಆ ಕಾಲದವೇ. ಅಂದರೆ ಶತ್ರು ಬಿಟ್ಟು ಹೋದ ದೇವದೂತರಿಗೆ ಗುಂಡು ಹೊಡೆದದ್ದು ಊರಿನ ಧರ್ಮದರ್ಶಿಗಳೇ, ಕಟ್ಟಡದ ಹಿತಕ್ಕೆ!

ಈಗ ನೀವು, "ನೋಡಿ, ಮತಾಂಧರು ಒಡೆದರು, ಅಷ್ಟೇ ತಾನೇ ಕತೆ?" ಅನ್ನಬಹುದು. ಅಲ್ಲ ಕಣ್ರೀ. ಸುಣ್ಣ ಬಳಿದವನು ಚಿತ್ರವನ್ನ ಅಳಿಸಿದೆ ಅಂದುಕೊಂಡ. ನಿಜದಲ್ಲಿ ಅದನ್ನ ಮುಚ್ಚಳ ಹಾಕಿ ಎತ್ತಿಟ್ಟ. ಸುಣ್ಣದ ಪದರದ ಕೆಳಗೆ ಬಿಸಿಲು ತಾಗಲ್ಲ, ಹೊಗೆ ತಾಗಲ್ಲ, ಕೈ ತಾಗಲ್ಲ. ಮುನ್ನೂರು ವರ್ಷ ಚಿತ್ರ ಅಲ್ಲೇ ಮಲಗಿತ್ತು. ಅದಕ್ಕೆ ನಿಜವಾದ ಅಪಾಯ ಬಂದದ್ದು ಹತ್ತೊಂಬತ್ತನೇ ಶತಮಾನದಲ್ಲಿ, ಮಧ್ಯಯುಗವನ್ನ ಮನಸಾರೆ ಪ್ರೀತಿಸೋ ಜನರಿಂದ.

1839ರಲ್ಲಿ ಕೇಂಬ್ರಿಜ್‌ನ ಕೆಲವು ಓದಿದ ಹುಡುಗರು ಸೇರಿ ಕೇಂಬ್ರಿಜ್ ಕ್ಯಾಮ್ಡೆನ್ ಸೊಸೈಟಿ ಕಟ್ಟಿದರು. ಚರ್ಚು ಅಂದರೆ ಹೇಗಿರಬೇಕು ಅಂತ ಅವರಿಗೆ ಪಕ್ಕಾ ಗೊತ್ತಿತ್ತು: ಹದಿನಾಲ್ಕನೇ ಶತಮಾನದ ಗಾಥಿಕ್ ಶೈಲಿ ಸರ್ವಶ್ರೇಷ್ಠ. ಅದಕ್ಕಿಂತ ಹಿಂದಿನದ್ದು ಒರಟು, ಮುಂದಿನದ್ದು ಅವನತಿ. ಹಾಗಾದರೆ ಮಿಕ್ಕಿದ್ದೆಲ್ಲ ತೆಗೆದು "ಮೂಲ"ಕ್ಕೆ ವಾಪಸ್ ತರೋಣ. 1840ರಿಂದ ಮೂವತ್ತೈದು ವರ್ಷಗಳಲ್ಲಿ ಸುಮಾರು ಏಳು ಸಾವಿರ ಚರ್ಚುಗಳಿಗೆ ಈ ಭಾಗ್ಯ ಬಂತು. ಹದಿನೈದನೇ ಶತಮಾನದ ಕಿಟಕಿ ಕಿತ್ತು, ಹದಿನಾಲ್ಕರ ಥರ ಹೊಸದು ಕೆತ್ತಿಸಿ ಕೂರಿಸಿದರು. ನಡುವಿನ ಕಾಲದ ಪೆಟ್ಟಿಗೆಯಂಥ ಬೆಂಚು, ಪಶ್ಚಿಮದ ಕಡೆಯ ಅಟ್ಟ, ಆ ಅಟ್ಟದಲ್ಲಿ ಪಿಟೀಲು ಹಿಡಿದು ಕೂತಿದ್ದ ಊರಿನ ವಾದ್ಯದವರು, ಎಲ್ಲ ಹೊರಕ್ಕೆ.

ಆಮೇಲೆ ಗೋಡೆಗೆ ಬಂದರು. ಮಧ್ಯಯುಗದವರಿಗೆ ಒಳಗಿನ ಗೋಡೆಯ ಕಲ್ಲು ತೋರಿಸಬೇಕು ಅನ್ನೋ ಆಸೆಯೇ ಇರಲಿಲ್ಲ. ಗೋಡೆ ಕಾಡುಕಲ್ಲಿನದ್ದು, ಮೇಲೆ ಸುಣ್ಣದ ಗಾರೆ, ಗಾರೆಯ ಮೇಲೆ ಬಣ್ಣ. ಗಾರೆ ಅದರ ಚರ್ಮ. ಒದ್ದೆ ಹೀರಿ, ಒಣಗಿ, ಗೋಡೆಯನ್ನ ಉಸಿರಾಡಿಸೋದು ಅದೇ. ಈ ಹುಡುಗರ ಕಾಲದ ಜೀರ್ಣೋದ್ಧಾರಕರಿಗೆ ಅದು ಮೋಸ ಅನ್ನಿಸಿತು. "ಕಲ್ಲು ಪ್ರಾಮಾಣಿಕವಾಗಿ ಕಾಣಲಿ" ಅಂತ ಉಳಿ ಹಿಡಿದು ಗಾರೆ ಕೆರೆದು ಹಾಕಿದರು. ಗಾರೆಯ ಜೊತೆ ಅದರ ಮೇಲಿದ್ದ ಸುಣ್ಣ, ಸುಣ್ಣದ ಕೆಳಗಿದ್ದ ಚಿತ್ರ, ಎಲ್ಲ ಪುಡಿಯಾಗಿ ಗುಡಿಸಿಕೊಂಡು ಹೋಯಿತು. ಎಷ್ಟು ಸಂತ ಕ್ರಿಸ್ಟೋಫರುಗಳು ಹೋದರು ಅಂತ ಲೆಕ್ಕ ಇಟ್ಟವರಿಲ್ಲ. ನಿಮ್ಮ ಫೋಟೋದ ಆ "ಮಧ್ಯಯುಗದ ಬೋಳು ಗೋಡೆ" ಹುಟ್ಟಿದ್ದು ಹೀಗೆ. ಮಧ್ಯಯುಗದ ಮನುಷ್ಯನೊಬ್ಬ ಇವತ್ತು ಒಳಗೆ ಬಂದರೆ, ಕೆಲಸ ಅರ್ಧಕ್ಕೇ ನಿಲ್ಲಿಸಿದ್ದೀರಲ್ಲ, ಗಾರೆ ಯಾವಾಗ ಅಂತ ಕೇಳ್ತಾನೆ.

ಬ್ಲೈತ್‌ಬರೋದಿಂದ ಸ್ವಲ್ಪ ಒಳಗೆ ಹೋದರೆ ವೆನ್‌ಹ್ಯಾಸ್ಟನ್ ಅನ್ನೋ ಹಳ್ಳಿ. ಅಲ್ಲಿ ಚಾನ್ಸೆಲ್ ಕಮಾನಿನ ಮೇಲ್ಭಾಗ ಮುಚ್ಚಿದ್ದ ಮರದ ಹಲಗೆಗಳಿದ್ದವು, ಮೇಲೆ ಸುಣ್ಣ. 1892ರಲ್ಲಿ ರಿಪೇರಿ ಮಾಡೋವಾಗ ಹಳೇ ಹಲಗೆ ಅಂತ ಕಿತ್ತು ಹೊರಗೆ ಗೋರಿಗಳ ನಡುವೆ ಎಸೆದರು. ರಾತ್ರಿ ಮಳೆ ಬಂತು. ಬೆಳಿಗ್ಗೆ ನೋಡಿದರೆ ಸುಣ್ಣ ತೊಳೆದು ಹೋಗಿ ಕೆಳಗಿನಿಂದ ಮುಖಗಳು ನೋಡ್ತಾ ಇದ್ದವು. 1500ರ ಆಸುಪಾಸಿನ ತೀರ್ಪಿನ ಚಿತ್ರ! ತಕ್ಕಡಿ ಹಿಡಿದ ಮಿಖಾಯಿಲ್, ಬಾಯಿ ತೆರೆದ ನರಕ. ಸ್ವರ್ಗದ ಬಾಗಿಲಲ್ಲಿ ನಿಂತ ರಾಜ, ಬಿಷಪ್ಪು ಎಲ್ಲರೂ ಬೆತ್ತಲೆ. ಯಾರು ಯಾರು ಅಂತ ಗೊತ್ತಾಗಲಿ ಅಂತ ತಲೆ ಮೇಲೆ ಕಿರೀಟ, ಟೋಪಿ ಮಾತ್ರ. ನಡುವೆ ಖಾಲಿ ಬಿಟ್ಟ ಆಕಾರಗಳೂ ಇವೆ. ಶಿಲುಬೆಯ, ಮೇರಿಯ, ಯೋಹಾನನ ಮರದ ವಿಗ್ರಹಗಳು ಮುಂದೆ ನಿಂತಿದ್ದರಿಂದ ಅಲ್ಲಿ ಬಣ್ಣ ಹಚ್ಚಿರಲಿಲ್ಲ. ವಿಗ್ರಹ ಹೋಗಿ ನಾನೂರೈವತ್ತು ವರ್ಷ ಮೀರಿದೆ, ಅದರ ನೆರಳು ಇನ್ನೂ ಇದೆ. ಆ ರಾತ್ರಿ ಮಳೆ ಬರದಿದ್ದರೆ ಆ ಹಲಗೆಗಳ ಗತಿ ಏನಾಗ್ತಿತ್ತು ಅಂತ ಹೇಳಬೇಕಾಗಿಲ್ಲ. ಸುಣ್ಣ ಮುನ್ನೂರು ವರ್ಷ ಕಾದದ್ದನ್ನ ಜೀರ್ಣೋದ್ಧಾರ ಒಂದು ದಿನದಲ್ಲಿ ಕಸಕ್ಕೆ ಹಾಕಿತ್ತು.

ಯಾರ್ಕ್‌ಶೈರಿನ ಪಿಕರಿಂಗ್‌ನಲ್ಲಿ ಇನ್ನೊಂದು ಥರ. 1852ರಲ್ಲಿ ಸುಣ್ಣದ ಕೆಳಗೆ ಸಾಲು ಸಾಲು ಚಿತ್ರ ಸಿಕ್ಕವು. ಜನರ ಗಮನ ಪ್ರಾರ್ಥನೆಯಿಂದ ಆಚೆ ಹೋಗುತ್ತೆ ಅಂತ ಪಾದ್ರಿ ಮತ್ತೆ ಸುಣ್ಣ ಹೊಡೆಸಿದ. ಪುಣ್ಯಾತ್ಮ, ಹೊಡೆಸಿದ್ದು ಸುಣ್ಣವಷ್ಟೇ. ಮುಂದಿನ ತಲೆಮಾರು ಅದನ್ನ ತೆಗೆದು ಚಿತ್ರ ಉಳಿಸಿಕೊಂಡಿತು. ಉಳಿ ಹೊಡೆಸಿದ್ದರೆ ಮುಂದಿನ ತಲೆಮಾರಿಗೆ ಏನೂ ಉಳೀತಿರಲಿಲ್ಲ. ನನ್ನ ವಾದದ ತಿರುಳು ಇಷ್ಟೇ: ವಾಪಸ್ ತೆಗೆಯೋಕಾಗುವ ತಪ್ಪು ಬೇರೆ, ಆಗದ ತಪ್ಪು ಬೇರೆ. ಜೀರ್ಣೋದ್ಧಾರಕ್ಕೆ ಅಂಟಿದ ಶಾಪ ಏನು ಅಂದರೆ, ಅದು ಮಾಡೋದೆಲ್ಲ ಎರಡನೇ ಜಾತಿಯದ್ದು.

ಆಕ್ಸ್‌ಫರ್ಡ್ ಸೀಮೆಯ ಬರ್ಫರ್ಡ್ ಚರ್ಚಿಗೆ ಬನ್ನಿ. 1649ರಲ್ಲಿ ಕ್ರಾಮ್‌ವೆಲ್‌ನ ಸೈನ್ಯದಲ್ಲೇ ಬಂಡಾಯ ಎದ್ದಿತ್ತು. ಬಾಕಿ ಸಂಬಳ ಕೊಡಿ, ಬಲವಂತವಾಗಿ ಐರ್ಲೆಂಡಿಗೆ ಕಳಿಸಬೇಡಿ, ಸಾಮಾನ್ಯರಿಗೂ ಮತ ಕೊಡಿ ಅಂದ ಮುನ್ನೂರಕ್ಕೂ ಹೆಚ್ಚು ಸಿಪಾಯಿಗಳನ್ನ ಈ ಚರ್ಚೊಳಗೆ ಕೂಡಿ ಹಾಕಿದರು. ಮೇ 17ರಂದು ಮೂವರನ್ನ ಹೊರಗೆ ನಿಲ್ಲಿಸಿ ಗುಂಡಿಟ್ಟು ಕೊಂದರು. ಮಿಕ್ಕವರು ನೋಡ್ತಾ ನಿಂತಿದ್ದರು. ಒಳಗಿದ್ದ ಒಬ್ಬ, ಕಲ್ಲುಬಾನಿಯ ಸೀಸದ ಒಳಪದರದ ಮೇಲೆ ತನ್ನ ಹೆಸರು ಗೀಚಿದ: ಆಂಥನಿ ಸೆಡ್ಲಿ, 1649, ಕೈದಿ. ಕೈದಿ ಅನ್ನೋ ಪದದ ಕಾಗುಣಿತವೂ ಸರಿಯಿಲ್ಲ. ಅದು ಇವತ್ತಿಗೂ ಇದೆ. ಹದಿನಾಲ್ಕನೇ ಶತಮಾನದ "ಶುದ್ಧ ರೂಪ" ಬೇಕು ಅನ್ನೋನಿಗೆ ಆ ಗೀಚು ಒಂದು ಕಲೆ, ತಿಕ್ಕಿ ತೆಗೆಯಬೇಕಾದ ಕೊಳೆ. ನನಗೆ ಕೇಳಿದರೆ, ಆ ಚರ್ಚಿನ ಸುಂದರ ಗೋಪುರ ಒಂದು ತೂಕ, ಆ ಸಿಪಾಯಿಯ ಗೀಚು ಇನ್ನೊಂದು ತೂಕ.

ಇದೇ ಬರ್ಫರ್ಡ್‌ನಲ್ಲಿ ಜೀರ್ಣೋದ್ಧಾರ ನಡೆಯೋದನ್ನ 1876ರಲ್ಲಿ ವಿಲಿಯಂ ಮಾರಿಸ್ ನೋಡಿದ. ಕವಿ, ವಿನ್ಯಾಸಗಾರ, ಆಮೇಲೆ ಸಮಾಜವಾದಿ. ಆಕ್ಷೇಪಿಸಿದ್ದಕ್ಕೆ ಅಲ್ಲಿನ ಪಾದ್ರಿ, ಚರ್ಚು ನನ್ನದು, ಬೇಕಾದರೆ ಇದರೊಳಗೆ ತಲೆ ಕೆಳಗೆ ಮಾಡಿ ನಿಲ್ತೀನಿ, ನೀನ್ಯಾರು ಕೇಳೋಕೆ ಅಂದನಂತೆ. ಮರುವರ್ಷ ಟ್ಯೂಕ್ಸ್‌ಬರಿಯ ಸರದಿ. ಎಂಟನೇ ಹೆನ್ರಿ ಮಠಗಳನ್ನ ಮುಚ್ಚಿಸಿದಾಗ ಆ ಊರಿನ ಜನ 453 ಪೌಂಡ್ ಕೊಟ್ಟು ಕೊಂಡು, ತಮ್ಮ ಊರ ಚರ್ಚಾಗಿ ಉಳಿಸಿಕೊಂಡ ಕಟ್ಟಡ ಅದು. ಅದಕ್ಕೆ ಗಿಲ್ಬರ್ಟ್ ಸ್ಕಾಟ್ ಎಂಬ ಪ್ರಸಿದ್ಧ ವಾಸ್ತುಶಿಲ್ಪಿ ಕೈ ಹಚ್ಚುತ್ತಿದ್ದಾನೆ ಅಂತ ತಿಳಿದು ಮಾರಿಸ್ ಪತ್ರಿಕೆಗೆ ಸಿಟ್ಟಿನ ಪತ್ರ ಬರೆದ. ಅದೇ ವರ್ಷ, 1877ರಲ್ಲಿ, ಹಳೇ ಕಟ್ಟಡಗಳ ರಕ್ಷಣೆಗೆ ಸಂಘ ಕಟ್ಟಿದ. ಅದಕ್ಕೆ ಅವರೇ ಇಟ್ಟುಕೊಂಡ ಅಡ್ಡಹೆಸರು "ಆಂಟಿ-ಸ್ಕ್ರೇಪ್", ಅಂದರೆ ಕೆರೆಯೋದರ ವಿರೋಧಿಗಳು. ಅವರ ತತ್ವದಲ್ಲಿ ರೊಮ್ಯಾಂಟಿಕ್ ಏನಿಲ್ಲ: ದಿನಾ ನೋಡಿಕೊಳ್ಳಿ, ಸೋರೋದನ್ನ ನಿಲ್ಲಿಸಿ, ವಾಲಿದ್ದಕ್ಕೆ ಊರೆ ಕೊಡಿ. ಊರೆ ಊರೆಯ ಹಾಗೇ ಕಾಣಲಿ, ಹಳೇದರ ವೇಷ ಹಾಕಬೇಡಿ.

ಮೊದಲು ವಾಸ್ತುಶಿಲ್ಪಿಯಾಗಿ ಇಂಥ ಜೀರ್ಣೋದ್ಧಾರಗಳಲ್ಲೇ ದುಡಿದಿದ್ದ ಕಾದಂಬರಿಕಾರ ಥಾಮಸ್ ಹಾರ್ಡಿ ಆಮೇಲೆ ಇದೇ ಸಂಘ ಸೇರಿ, 1906ರಲ್ಲಿ ಅವರಿಗಾಗಿ ತನ್ನ ಕಾಲದ ಜೀರ್ಣೋದ್ಧಾರಗಳು ಏನೇನು ಹಾಳು ಮಾಡಿದವು ಅಂತ ಲೇಖನ ಬರೆದ.

ಈಗ ಎದುರು ವಾದ. ಬಲವಾದದ್ದನ್ನೇ ತಗೋತೀನಿ. "ಹದಿನೈದನೇ ಶತಮಾನದವರೂ ಹನ್ನೆರಡನೇ ಶತಮಾನದ್ದನ್ನ ಕೆಡವಿ ಕಟ್ಟಿದರಲ್ಲ? ಅವರು ಮಾಡಿದರೆ ಸರಿ, ನಾವು ಮಾಡಿದರೆ ತಪ್ಪಾ?" ಒಳ್ಳೇ ಪ್ರಶ್ನೆ. ಉತ್ತರ ಮೂರು. ಒಂದು, ಅವರು ತಮ್ಮ ಕಾಲದ ಕೆಲಸವನ್ನ ತಮ್ಮ ಕಾಲದ್ದು ಅಂತಲೇ ಮಾಡಿದರು, "ಇದೇ ಮೂಲ" ಅಂತ ನಕಲಿ ಸಹಿ ಹಾಕಲಿಲ್ಲ. ಎರಡು, ಕೆಡವಿದ ಕಲ್ಲನ್ನ ಹೊಸ ಗೋಡೆಗೇ ಇಟ್ಟರು, ಹಳೇ ಬಾಗಿಲು ಚೆನ್ನಾಗಿದ್ದರೆ ಬಿಚ್ಚಿ ಹೊಸ ಗೋಡೆಯಲ್ಲಿ ಕೂರಿಸಿದರು. ಮೂರು, ಅವರ ಹತ್ತಿರ ಆ ಕೈಗಳಿದ್ದವು. ಕೆಡವಿದ್ದಕ್ಕಿಂತ ಮೇಲಾದದ್ದನ್ನ ಕಟ್ಟೋ ಕಲ್ಲುಕುಟಿಗ, ಮರಗೆಲಸದವ ಪಕ್ಕದೂರಲ್ಲಿದ್ದ. ನಮ್ಮ ಹತ್ತಿರ ಇರೋದು ಕಾಂಟ್ರಾಕ್ಟರು. ಈ ವ್ಯತ್ಯಾಸ ದೊಡ್ಡದು.

ಇನ್ನೊಂದು ವಾದ: "ಕಟ್ಟಡ ಮ್ಯೂಸಿಯಮ್ಮಾ? ಜನ ಬಳಸಬೇಡವಾ?" ಖಂಡಿತ ಬಳಸಲಿ. ಅಲ್ಲಿ ಗೋಪುರದ ಕೆಳಗೆ ಟಾಯ್ಲೆಟ್ಟು, ಹಿಂದುಗಡೆ ಟೀ ಮಾಡೋ ಕಿಚನ್ನು ಮಾಡಿಕೊಂಡ ಚರ್ಚುಗಳಿವೆ, ಅದಕ್ಕೆ ನನ್ನ ಪೂರ್ತಿ ಬೆಂಬಲ. ಸೇರಿಸಿ ಸ್ವಾಮಿ, ನಿಮ್ಮ ಕಾಲದ್ದನ್ನೂ ಸೇರಿಸಿ. ಅದು ಇನ್ನೊಂದು ಕಮಿಟ್ಟು. ಜೀರ್ಣೋದ್ಧಾರ ಮಾಡೋದು ಕಮಿಟ್ ಅಲ್ಲ, ಫೋರ್ಸ್ ಪುಶ್. ಹಿಂದಿನವರ ಹಿಸ್ಟರಿಯೇ ಹೋಯಿತು, ಆಮೇಲೆ ಯಾಕೆ ಹೀಗಿತ್ತು ಅಂತ ಕೇಳೋಕೂ ಏನೂ ಉಳಿಯಲ್ಲ.

ಈಗ ಆ ಫೋಟೋ ಹಾಕಿದವರ ಹತ್ತಿರ ನೇರವಾಗಿ ಮಾತಾಡ್ತೀನಿ. "ನಮ್ಮೋರಿಗೆ ಯಾವಾಗ ಬುದ್ಧಿ ಬರುತ್ತೋ" ಅಂದರಲ್ಲ, ಆ "ನಮ್ಮೋರು" ಯಾರು? ಊರಲ್ಲಿ ಕೂತ ಅಜ್ಜಂದಿರಲ್ಲ. ಅವರ ಹತ್ತಿರ ದುಡ್ಡಿಲ್ಲ, ಹಾಗಾಗಿ ಅವರಿಂದ ಹಾನಿಯೂ ಕಮ್ಮಿ. ಊರಿನ ಗುಡಿ ಜೀರ್ಣೋದ್ಧಾರಕ್ಕೆ ವಾಟ್ಸಾಪ್ ಗ್ರೂಪಲ್ಲಿ ಐವತ್ತು ಸಾವಿರ, ಲಕ್ಷ ಅಂತ ಬರೆಸೋದು ನಾವು, ಬೆಂಗಳೂರಲ್ಲೋ ಬೇ ಏರಿಯಾದಲ್ಲೋ ಕೂತವರು. ಕಂಬಕ್ಕೆ ಎನಾಮೆಲ್ ಪೇಂಟು, ನೆಲಕ್ಕೆ ಜಾರೋ ಗ್ರಾನೈಟು, ಹೆಂಚಿನ ಮಾಡಿನ ಬದಲು ಆರ್‌ಸಿಸಿ, ಸುಣ್ಣ ತೆಗೆಯೋಕೆ ಕಂಬದ ಮೇಲೆ ಮರಳು ಉಗಿಯೋ ಮಿಷನ್ನು. ಇದೆಲ್ಲ ಬರೋದು ನಮ್ಮ ಸಂಬಳದಿಂದ. ನಾನು ಕಂಡ ಒಂದು ಊರಲ್ಲಿ, ಊರಿನ ಹೆಸರು ಬೇಡ, ಗುಡಿ ಮುಂದಿದ್ದ ವೀರಗಲ್ಲನ್ನ ಬುಡಮೇಲು ಮಾಡಿ ಹೊಸ ಮೆಟ್ಟಿಲಿಗೆ ಹಾಸಿದ್ದಾರೆ. ಯಾವುದೋ ದನಗಳ್ಳರ ಜಗಳದಲ್ಲಿ ಊರಿಗಾಗಿ ಸತ್ತವನೊಬ್ಬ ಅದರಲ್ಲಿದ್ದ. ಮೇಲೆ ದಾನಿಗಳ ಹೆಸರಿನ ಗ್ರಾನೈಟ್ ಫಲಕ ಲಕಲಕ ಅಂತಿದೆ. ಅದರಲ್ಲಿರೋ ಹೆಸರುಗಳಲ್ಲಿ ಅರ್ಧಕ್ಕರ್ಧ ಎಂಜಿನಿಯರುಗಳದ್ದು.

ಇಂಗ್ಲಿಷರಿಗೆ ಬುದ್ಧಿ ಹುಟ್ಟಿನಿಂದ ಬಂದದ್ದಲ್ಲ. ಏಳು ಸಾವಿರ ಚರ್ಚು ಕೆಡಿಸಿದಮೇಲೆ ಬಂತು. ಆ ಪಾಠ ನಮಗೆ ಬಿಟ್ಟಿಯಾಗಿ ಸಿಗ್ತಾ ಇದೆ. ಅದನ್ನ ಬಿಟ್ಟು, ಕೆಡಿಸಿದಮೇಲೆ ಉಳಿದದ್ದರ ಮುಂದೆ ಸೆಲ್ಫಿ ತಗೊಂಡು ಬರ್ತೀವಿ.

ದುಡ್ಡು ಕೊಡಬೇಡಿ ಅಂತ ನಾನು ಹೇಳಲ್ಲ. ಕೊಡಿ, ಆದರೆ ಷರತ್ತು ಹಾಕಿ ಕೊಡಿ. ಕೆಲಸ ಶುರುವಾಗೋ ಮುಂಚೆ ಒಳಗಿನ, ಹೊರಗಿನ ಒಂದೊಂದು ಕಲ್ಲಿನ ಫೋಟೋ ಬೇಕು ಅನ್ನಿ. ಎಪಿಗ್ರಾಫಿಯಾ ಕರ್ನಾಟಿಕ ತೆಗೆದು ನಿಮ್ಮ ಊರಿನ ಹೆಸರು ಹುಡುಕಿ, ಅದರಲ್ಲಿ ಬರೆದ ಶಾಸನದ ಕಲ್ಲು ಇವತ್ತು ಎಲ್ಲಿದೆ ಅಂತ ಕಮಿಟಿಯನ್ನ ಕೇಳಿ. ಮೊದಲು ಮಾಡಿನ ಸೋರಿಕೆ ನಿಲ್ಲಿಸಿ, ಮಳೆನೀರು ಗೋಡೆಯಿಂದ ದೂರ ಹೋಗೋ ಹಾಗೆ ಚರಂಡಿ ಮಾಡಿಸಿ. ಗೋಡೆಗೆ ಸಿಮೆಂಟು ಬೇಡ, ಸುಣ್ಣದ ಗಾರೆಯವರು ಇನ್ನೂ ಅಲ್ಲಲ್ಲಿ ಇದ್ದಾರೆ, ಹುಡುಕಿ. ಯಾವ ಕಲ್ಲು ಯಾಕಿದೆ ಅಂತ ಗೊತ್ತಿಲ್ಲವೋ ಅದನ್ನ ಮುಟ್ಟಬೇಡಿ. ಆಫೀಸಿನ ಕೋಡಿಗೆ ಪಾಲಿಸೋ ನಿಯಮವನ್ನ ಊರಿನ ಗುಡಿಗೂ ಪಾಲಿಸಿ ಅಂತಷ್ಟೇ ಕೇಳ್ತಿರೋದು. ಇದಕ್ಕೆ ಗ್ರಾನೈಟಿನ ಹತ್ತನೇ ಒಂದು ಪಾಲೂ ಖರ್ಚಾಗಲ್ಲ. ಫಲಕದಲ್ಲಿ ಹೆಸರು ಮಾತ್ರ ಬರಲ್ಲ. ಅಷ್ಟು ನಷ್ಟ ತಡೆದುಕೊಳ್ಳೋಕೆ ಆಗುತ್ತಾ ಅನ್ನೋದೇ ಈಗ ನಮ್ಮ ಮುಂದಿರೋ ಪ್ರಶ್ನೆ.